ಚೌಕಟ್ಟಿನೊಳಗಿನ ಮಾತು: ದೃಶ್ಯರೂಪಿ ಕ್ರಮವಿಧಿಯೂ ಮೈಂದರ್ಗಿಯ ಕನ್ನಡವೂ

ಗಣಕಕ್ಕೆ ಕೊಡುವ ಆಜ್ಞೆಗಳನ್ನು ಅಕ್ಷರಗಳಲ್ಲಿ ಬರೆಯುವ ಬದಲು ಚಿತ್ರಗಳಲ್ಲಿ ಜೋಡಿಸಬಹುದೆಂಬ ವಿಚಾರ ಹೊಸದಲ್ಲ. ಅಮೆರಿಕದ ಎಂಐಟಿಯಲ್ಲಿ ಐವನ್ ಸದರ್ಲೆಂಡ್ 1963ರಲ್ಲಿ ಸ್ಕೆಚ್‌ಪ್ಯಾಡ್ ಎಂಬ ವ್ಯವಸ್ಥೆಯನ್ನು ರೂಪಿಸಿ, ಪರದೆಯ ಮೇಲೆ ಬೆಳಕಿನ ಲೇಖನಿಯಿಂದ ಗೆರೆ ಎಳೆದು ಯಂತ್ರದೊಡನೆ ವ್ಯವಹರಿಸಬಹುದೆಂದು ತೋರಿಸಿದರು. ಅವರ ಅಣ್ಣ ವಿಲಿಯಂ ಸದರ್ಲೆಂಡ್ 1966ರ ತಮ್ಮ ಸಂಶೋಧನ ಪ್ರಬಂಧದಲ್ಲಿ ಕ್ರಮವಿಧಿಯನ್ನೇ ರೇಖಾಚಿತ್ರವಾಗಿ ಬರೆಯುವ ದಾರಿಯನ್ನು ಹುಡುಕಿದರು. 1986ರಲ್ಲಿ ಬಂದ ಲ್ಯಾಬ್‌ವ್ಯೂ ಪ್ರಯೋಗಾಲಯದ ಎಂಜಿನಿಯರುಗಳಿಗೆ ತಂತಿ ಜೋಡಣೆಯಂಥ ಚಿತ್ರವನ್ನು ಕೊಟ್ಟಿತು. 2007ರಲ್ಲಿ ಮಿಚೆಲ್ ರೆಸ್ನಿಕ್ ಅವರ ತಂಡ ಎಂಐಟಿ ಮೀಡಿಯಾ ಲ್ಯಾಬ್‌ನಿಂದ ಹೊರತಂದ ಸ್ಕ್ರ್ಯಾಚ್, ಮಕ್ಕಳಿಗೆ ಒಂದಕ್ಕೊಂದು ಕಚ್ಚಿಕೊಳ್ಳುವ ಬಣ್ಣದ ಬ್ಲಾಕುಗಳನ್ನು ಕೊಟ್ಟಿತು. ಭಾರತದಲ್ಲಿ 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಶಾಲೆಯ ಮಧ್ಯಮ ಹಂತದಲ್ಲಿಯೇ ಕೋಡಿಂಗ್ ಚಟುವಟಿಕೆ ಬರಬೇಕೆಂದು ಹೇಳಿದ ಮೇಲೆ ಈ ವಿಚಾರಕ್ಕೆ ಇಲ್ಲಿಯೂ ಹೊಸ ಬಲ ಬಂದಿದೆ. ಇಂಗ್ಲಿಷ್ ಬಾರದ ಮಗುವಿಗೆ ಅಕ್ಷರದ ಕೋಡ್ ಕಠಿಣ, ಚಿತ್ರಕ್ಕೆ ಭಾಷೆಯ ಹಂಗಿಲ್ಲ, ಆದ್ದರಿಂದ ಗ್ರಾಮೀಣ ಶಾಲೆಗಳಿಗೆ ದೃಶ್ಯರೂಪಿ ಕ್ರಮವಿಧಿಯೇ ತಕ್ಕದ್ದು ಎಂಬ ವಾದ ಸಲೀಸಾಗಿ ಓಡಾಡುತ್ತಿದೆ. ಇದರ ಮೊದಲ ಮಾತು ನಿಜ. ಎರಡನೆಯದು ನಿಜವಲ್ಲ. ಮೂರನೆಯದು ನಿಜವಾಗಬೇಕಾದರೆ ಎರಡನೆಯದನ್ನು ಮೊದಲು ಬಿಟ್ಟುಕೊಡಬೇಕಾಗುತ್ತದೆ.

ಈ ವಾದವನ್ನು ಒರೆಗೆ ಹಚ್ಚಲು ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲ್ಲೂಕಿನ ಮೈಂದರ್ಗಿಯಂಥ ಊರು ಬೆಂಗಳೂರಿಗಿಂತ ಹೆಚ್ಚು ತಕ್ಕ ಜಾಗ. ಮನೆಯಲ್ಲಿ, ಸಂತೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ. ಕನ್ನಡ ಮಾಧ್ಯಮದ ಮಗುವಿನ ಕೈಗೆ ಬರುವ ಕನ್ನಡ ಪಠ್ಯಪುಸ್ತಕ ಪುಣೆಯ ಬಾಲಭಾರತಿಯದು, ಬೆಂಗಳೂರಿನದಲ್ಲ. ಮಹಾರಾಷ್ಟ್ರದಲ್ಲಿ ಇಂಗ್ಲಿಷ್ 2000ದಿಂದಲೇ ಒಂದನೆಯ ತರಗತಿಗೆ ಇಳಿದಿದೆ. 2020ರ ಕಾಯ್ದೆಯ ನಂತರ ಮರಾಠಿಯೂ ಎಲ್ಲ ಮಾಧ್ಯಮದ ಶಾಲೆಗಳಲ್ಲಿ ಕಡ್ಡಾಯ. ಹತ್ತು ವರ್ಷ ತುಂಬುವ ಹೊತ್ತಿಗೆ ಇಂಥ ಮಗು ಮೂರು ಲಿಪಿಗಳನ್ನು ಓದುತ್ತಿರುತ್ತದೆ. ಅದಕ್ಕೆ ಅಕ್ಷರದ ಭಯವಿದೆ ಎನ್ನುವುದು ಅದರ ಸಾಮರ್ಥ್ಯವನ್ನು ಕಡಿಮೆ ಎಣಿಸಿದಂತೆ. ಅದಕ್ಕಿರುವ ತೊಡಕು ಬೇರೆಯದು: ಮೂರರಲ್ಲಿ ಯಾವ ಭಾಷೆಯಲ್ಲಿ ಯೋಚಿಸಿದರೂ, ಬರೆಯಬೇಕಾದುದು ಇನ್ನೊಂದರ ವ್ಯಾಕರಣದಲ್ಲಿ.

ಪಠ್ಯರೂಪಿ ಕೋಡ್ ಕನ್ನಡವನ್ನು ಹೇಗೆ ಬರಮಾಡಿಕೊಳ್ಳುತ್ತದೆ ಎಂಬುದನ್ನು ಪೈಥಾನ್ ಭಾಷೆಯಲ್ಲಿ ಚೆನ್ನಾಗಿ ಕಾಣಬಹುದು. 2008ರಲ್ಲಿ ಬಂದ ಅದರ ಮೂರನೆಯ ಆವೃತ್ತಿ, ಚರಗಳಿಗೆ ಇಂಗ್ಲಿಷೇತರ ಲಿಪಿಗಳಲ್ಲಿ ಹೆಸರಿಡಲು ಅವಕಾಶ ಕೊಟ್ಟಿತು. ‘ಅಂಕ’, ‘ಬೆಲೆ’, ‘ತೂಕ’ ಎಂದು ಈಗ ಬರೆಯಬಹುದು. ಆದರೆ ‘ಇಫ್’, ‘ಎಲ್ಸ್’, ‘ವೈಲ್’ ಮುಂತಾದ ಸ್ಥಿರಪದಗಳು ರೋಮನ್ ಲಿಪಿಯ ಇಂಗ್ಲಿಷಿನಲ್ಲೇ ಉಳಿದವು; ಒಂದೇ ಸಾಲಿನಲ್ಲಿ ಎರಡು ಮೂರು ಸಲ ಕೀಲಿಮಣೆಯನ್ನು ಬದಲಿಸಬೇಕು. ಇನ್ನೂ ಸಣ್ಣದೊಂದು ತೊಡಕಿದೆ, ಸಣ್ಣದಾದುದರಿಂದಲೇ ಬೋಧಕವಾದುದು. ‘ಬಸ್‌ದರ’ ಎಂದು ಬರೆಯುವಾಗ ಸಕಾರಕ್ಕೆ ದಕಾರ ಒತ್ತಾಗಿ ಅಂಟದಂತೆ ತಡೆಯಲು ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಸಂಕೇತವನ್ನು ನಡುವೆ ಇಡಬೇಕಾಗುತ್ತದೆ. ಆ ಸಂಕೇತವಿರುವ ಹೆಸರನ್ನು ಪೈಥಾನ್ ಒಪ್ಪುವುದಿಲ್ಲ, ಜಾವಾಸ್ಕ್ರಿಪ್ಟ್ ಒಪ್ಪುತ್ತದೆ. ಮಗುವಿನ ದೃಷ್ಟಿಯಲ್ಲಿ ಇದು ಸರಿಯಾದ ಕಾಗುಣಿತಕ್ಕೆ ಸಿಕ್ಕ ಶಿಕ್ಷೆ. ಪಠ್ಯರೂಪಿ ಕೋಡ್ ಕನ್ನಡವನ್ನು ಹೊರಗಿಟ್ಟಿಲ್ಲ. ಒಳಗೆ ಕರೆದು ಬಾಗಿಲ ಬಳಿ ನಿಲ್ಲಿಸಿದೆ.

ಹಾಗಾದರೆ ಅಕ್ಷರವೇ ಇಲ್ಲದ ಕ್ರಮವಿಧಿ ಹೇಗಿರುತ್ತದೆ? ಇದಕ್ಕೆ ಉತ್ತರ ಹುಡುಕಲು ಎಂಐಟಿಗೆ ಹೋಗಬೇಕಾಗಿಲ್ಲ. ಮೈಂದರ್ಗಿಯ ಜಿಲ್ಲಾಕೇಂದ್ರವಾದ ಸೊಲ್ಲಾಪುರ ಚಾದರಗಳ ಊರು; ಅಲ್ಲಿಯ ಚಾದರಕ್ಕೂ ಟೆರ್ರಿ ಟವೆಲಿಗೂ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ. ಚಾದರದ ಮೇಲಿನ ಹೂಬಳ್ಳಿಗಳನ್ನು ನೇಯುವುದು ಜಕಾರ್ಡ್ ಮಗ್ಗ. ಫ್ರಾನ್ಸಿನ ಲಿಯೋನ್ ನಗರದ ಜೋಸೆಫ್ ಮರಿ ಜಕಾರ್ಡ್ 1804ರ ಸುಮಾರಿಗೆ ರೂಪಿಸಿದ ಈ ಯಂತ್ರದ ಕೆಲಸದ ಬಗೆ ಸರಳ. ವಿನ್ಯಾಸಕಾರನು ಚೌಕುಳಿ ಕಾಗದದ ಮೇಲೆ ಚಿತ್ರ ಬರೆಯುತ್ತಾನೆ. ಕಾಗದದ ಉದ್ದಗೀಟು ಹಾಸಿನ ಎಳೆ, ಅಡ್ಡಗೀಟು ಹೊಕ್ಕಿನ ಎಳೆ. ಒಂದೊಂದು ಅಡ್ಡಸಾಲಿಗೆ ಒಂದೊಂದು ರಟ್ಟಿನ ಕಾರ್ಡು. ಚೌಕ ತುಂಬಿದ್ದರೆ ಕಾರ್ಡಿನಲ್ಲಿ ತೂತು, ಖಾಲಿ ಇದ್ದರೆ ತೂತಿಲ್ಲ. ತೂತು ಸಿಕ್ಕಲ್ಲಿ ಸೂಜಿ ಒಳಹೊಗುತ್ತದೆ, ಕೊಕ್ಕೆ ಏಳುತ್ತದೆ, ಹಾಸಿನ ಎಳೆ ಮೇಲಕ್ಕೆದ್ದು ಲಾಳಿಗೆ ದಾರಿ ಕೊಡುತ್ತದೆ. ಕಾರ್ಡುಗಳನ್ನು ದಾರದಿಂದ ಪೋಣಿಸಿ ಕೊನೆಯದನ್ನು ಮೊದಲನೆಯದಕ್ಕೆ ಕಟ್ಟಿದರೆ ಅದೇ ಬಳ್ಳಿ ಮತ್ತೆ ಮತ್ತೆ ಮೂಡುತ್ತದೆ. ಇದು ರೂಪಕದ ಮಾತಲ್ಲ. ಚಾರ್ಲ್ಸ್ ಬ್ಯಾಬೇಜ್ ತನ್ನ ವಿಶ್ಲೇಷಕ ಯಂತ್ರದ ಯೋಜನೆಗೆ ಕಾರ್ಡುಗಳನ್ನು ಈ ಮಗ್ಗದಿಂದಲೇ ಎರವಲು ಪಡೆದನು. ಏಡಾ ಲವ್‌ಲೇಸ್ 1843ರ ಟಿಪ್ಪಣಿಗಳಲ್ಲಿ ಅವೆರಡನ್ನೂ ಹೋಲಿಸಿ ಬರೆದಳು. ಗಣಕಚರಿತ್ರೆಯ ಪುಸ್ತಕಗಳಲ್ಲಿ ಇದು ಯುರೋಪಿನ ಕಥೆಯಾಗಿಯೇ ಬರುತ್ತದೆ. ಸೊಲ್ಲಾಪುರದ ಮಗ್ಗದ ಕೊಠಡಿಯಲ್ಲಿ ಅದು ಕೂಲಿಯ ಕೆಲಸವಾಗಿ ಬದುಕಿತು. ತೂತು ಕೊರೆಯುವವನನ್ನು ಯಾರೂ ಕ್ರಮವಿಧಿಕಾರನೆಂದು ಕರೆಯಲಿಲ್ಲ.

ಚೌಕುಳಿ ಕಾಗದಕ್ಕೆ ನಿಜವಾಗಿಯೂ ಭಾಷೆಯ ಹಂಗಿಲ್ಲ. ಸೊಲ್ಲಾಪುರದ ನೇಕಾರರಲ್ಲಿ ತೆಲುಗು ಮನೆಮಾತಿನ ಪದ್ಮಶಾಲಿಗಳು ಬಹಳ. ನೇಯುವವನ ಮಾತು ತೆಲುಗಾಗಿರಲಿ, ಕನ್ನಡವಾಗಿರಲಿ, ಮರಾಠಿಯಾಗಿರಲಿ, ತೂತು ತೂತೇ. ದೃಶ್ಯರೂಪದ ಪಕ್ಷಪಾತಿಗಳು ಕನಸುವುದು ಇಂಥದನ್ನೇ. ಆದರೆ ಈ ಸ್ವಾತಂತ್ರ್ಯಕ್ಕೆ ಮಗ್ಗ ತೆರುವ ಬೆಲೆಯನ್ನೂ ನೋಡಬೇಕು. 1839ರಲ್ಲಿ ರೇಷ್ಮೆಯಲ್ಲಿ ನೇಯ್ದ ಜಕಾರ್ಡ್‌ನ ಭಾವಚಿತ್ರವೊಂದು ಪ್ರಸಿದ್ಧವಾಗಿದೆ. ಬ್ಯಾಬೇಜ್‌ನ ಬಳಿ ಅದರದೊಂದು ಪ್ರತಿ ಇತ್ತು. ಅದಕ್ಕೆ ಬೇಕಾದ ಕಾರ್ಡುಗಳು ಸುಮಾರು 24,000. ಒಂದು ಮುಖಕ್ಕೆ ಅಷ್ಟು. ಏಕೆಂದರೆ ಮಗ್ಗಕ್ಕೆ ‘ಕಣ್ಣು’ ಎಂದರೆ ಏನೆಂದು ಒಮ್ಮೆ ಹೇಳಿಕೊಟ್ಟು, ಆಮೇಲೆ ‘ಎರಡು ಕಣ್ಣು’ ಎನ್ನಲು ಬರುವುದಿಲ್ಲ. ಕಾರ್ಡಿಗೆ ಪುನರಾವರ್ತನೆ ಗೊತ್ತು, ಹೆಸರು ಗೊತ್ತಿಲ್ಲ. ‘ದಾರ ತುಂಡಾದರೆ ನಿಲ್ಲು’ ಎಂಬಂಥ ಷರತ್ತನ್ನೂ ಆ ಕಾರ್ಡುಗಳ ಸರಪಣಿ ಹೇಳಲಾರದು. ಬ್ಯಾಬೇಜ್ ಕೂಡಿಸಿದ ಮುಖ್ಯ ಸಂಗತಿಯೇ ಅದು: ಫಲಿತಾಂಶವನ್ನು ನೋಡಿಕೊಂಡು ಕಾರ್ಡುಗಳನ್ನು ಹಿಂದಕ್ಕೂ ಮುಂದಕ್ಕೂ ಸರಿಸುವ ಯೋಜನೆ.

ಇದೇ ಬೆಲೆಯನ್ನು ಇಂದಿನ ತಂತ್ರಾಂಶಗಳೂ ತೆತ್ತಿವೆ. 2014ರಲ್ಲಿ ಬಂದ ಸ್ಕ್ರ್ಯಾಚ್‌ಜೂನಿಯರ್ ಐದರಿಂದ ಏಳು ವರ್ಷದ ಮಕ್ಕಳಿಗಾಗಿ ಮಾಡಿದ್ದು. ಅದರ ಬ್ಲಾಕುಗಳ ಮೇಲೆ ಮಾತಿಲ್ಲ, ಬಾಣಗಳೂ ಚಿತ್ರಗಳೂ ಮಾತ್ರ ಇವೆ. ಓದಲು ಬಾರದ ಮಗುವಿಗೆ ಅದು ಸೊಗಸಾದ ಆಟಿಕೆ. ಅದರಲ್ಲಿ ಚರಗಳಿಲ್ಲ, ‘ಹೀಗಾದರೆ ಹಾಗೆ ಮಾಡು’ ಎಂಬ ಷರತ್ತಿನ ಬ್ಲಾಕೂ ಇಲ್ಲ. ಇದು ತಯಾರಕರ ಮರೆವಲ್ಲ. ಮಾತನ್ನು ತೆಗೆದರೆ ಹೆಸರಿಡುವುದಕ್ಕೆ ಜಾಗ ಉಳಿಯುವುದಿಲ್ಲ. ಹೆಸರಿಲ್ಲದೆ ಕಾಣದಿರುವುದನ್ನು ಕುರಿತು ಹೇಳಲಾಗುವುದಿಲ್ಲ. ಬಾಣವನ್ನು ಚಿತ್ರಿಸಬಹುದು. ‘ನಿನ್ನೆಯ ದರಕ್ಕಿಂತ ಇಂದಿನ ದರ ಕಡಿಮೆಯಾದರೆ’ ಎಂಬುದನ್ನು ಚಿತ್ರಿಸಲು ಹೊರಟವನು ಕೊನೆಗೆ ಎರಡು ದರಗಳಿಗೂ ಹೆಸರು ಬರೆಯುತ್ತಾನೆ.

ಸ್ಕ್ರ್ಯಾಚ್ ಈ ಅರ್ಥದಲ್ಲಿ ದೃಶ್ಯರೂಪಿಯೇ ಅಲ್ಲ. ಅದರ ಬ್ಲಾಕುಗಳ ತುಂಬ ಮಾತೇ ಇದೆ. ಅದು ಅಕ್ಷರವನ್ನು ತೆಗೆದುಹಾಕಿಲ್ಲ. ಅಕ್ಷರದ ಸುತ್ತ ಒಂದು ಆಕಾರವನ್ನು ಕಟ್ಟಿದೆ. ಪಠ್ಯರೂಪಿ ಕೋಡಿನಲ್ಲಿ ಆವರಣ ಚಿಹ್ನೆ, ಅರ್ಧವಿರಾಮ, ಸಾಲಿನ ಅಂಚು ಮಾಡುವ ಕೆಲಸವನ್ನು ಇಲ್ಲಿ ಬ್ಲಾಕಿನ ಆಕಾರ ಮಾಡುತ್ತದೆ. ಸಂಖ್ಯೆ ಹೋಗುವ ಬಿಲ ದುಂಡಗೆ, ನಿಜ-ಸುಳ್ಳು ಹೋಗುವ ಬಿಲ ಷಟ್ಕೋನ, ಒಳಗೆ ಇತರ ಬ್ಲಾಕುಗಳನ್ನು ನುಂಗುವ ಬ್ಲಾಕಿಗೆ ತೆರೆದ ಬಾಯಿ. ತಪ್ಪು ತುಂಡು ಕೂರುವುದೇ ಇಲ್ಲ. ಹೀಗಾಗಿ ವ್ಯಾಕರಣದ ಭಾರ ಆಕಾರದ ಮೇಲೆ ಬಿದ್ದು, ಒಳಗಿನ ಪದಗಳಿಗೆ ಯಂತ್ರದ ದೃಷ್ಟಿಯಿಂದ ಕೆಲಸವಿಲ್ಲದಂತಾಯಿತು. ಅವು ಓದುವ ಮನುಷ್ಯನಿಗಾಗಿ ಮಾತ್ರ ಇವೆ. ದೃಶ್ಯರೂಪಿ ಕ್ರಮವಿಧಿಯ ನಿಜವಾದ ಸಾಧ್ಯತೆ ಅಡಗಿರುವುದು ಇಲ್ಲಿ. ಅದರ ಬಗ್ಗೆ ಬರೆಯುವವರು ಬಣ್ಣವನ್ನೂ ಎಳೆದು ಬಿಡುವ ಸುಲಭವನ್ನೂ ಹೊಗಳುವ ಭರದಲ್ಲಿ ಇದನ್ನು ದಾಟಿಹೋಗುತ್ತಾರೆ.

ಪದಗಳು ಯಂತ್ರದ ಅಂಕೆಯಿಂದ ಬಿಡುಗಡೆಯಾದರೆ ಅವು ಯಾವ ಕ್ರಮದಲ್ಲಾದರೂ ನಿಲ್ಲಬಹುದು. ಇಂಗ್ಲಿಷಿನ ಆಜ್ಞೆಯಲ್ಲಿ ಕ್ರಿಯೆ ಮೊದಲು, ಅಳತೆ ಆಮೇಲೆ. ಷರತ್ತಿನ ಸೂಚನೆ ವಾಕ್ಯದ ತಲೆಯಲ್ಲಿ. ಕನ್ನಡದಲ್ಲಿ ಕ್ರಿಯೆ ಕೊನೆಗೆ, ಷರತ್ತು ಕ್ರಿಯಾಪದದ ಬಾಲಕ್ಕೆ. ಪಠ್ಯರೂಪಿ ಭಾಷೆಯೊಂದರ ಸ್ಥಿರಪದಗಳನ್ನಷ್ಟೇ ಕನ್ನಡಿಸಿದರೆ ‘ಒಂದುವೇಳೆ’ ಎಂದು ಸಾಲು ಆರಂಭವಾಗಿ, ಇಂಗ್ಲಿಷಿನ ಮೂಳೆಗೆ ಕನ್ನಡದ ಚರ್ಮ ಹೊದಿಸಿದಂತಾಗುತ್ತದೆ. ಯು. ಬಿ. ಪವನಜ ಅವರು ರೂಪಿಸಿದ ಕನ್ನಡ ಲೋಗೋ ಈ ಬಗೆಯ ಪ್ರಯತ್ನಗಳಲ್ಲಿ ಗೌರವದಿಂದ ನೆನೆಯಬೇಕಾದುದು. 1967ರಲ್ಲಿ ಸೆಮೂರ್ ಪೇಪರ್ಟ್ ಮತ್ತು ಸಂಗಡಿಗರು ಮಕ್ಕಳಿಗಾಗಿ ಕಟ್ಟಿದ ಲೋಗೋವನ್ನು ಅವರು ಕನ್ನಡದ ಆಜ್ಞೆಗಳಿಂದ ನಡೆಯುವಂತೆ ಮಾಡಿದರು. ಕನ್ನಡದ ಮಗು ಕನ್ನಡದಲ್ಲಿ ಗಣಕಕ್ಕೆ ಹೇಳಿ ಆಮೆಯನ್ನು ನಡೆಸಬಹುದೆಂಬುದು ಅದರಿಂದ ಸಿದ್ಧವಾಯಿತು. ಆದರೂ ಲೋಗೋ ಅಕ್ಷರದ ಭಾಷೆ. ಆಜ್ಞೆ ಮೊದಲು, ಸಂಖ್ಯೆ ಆಮೇಲೆ ಎಂಬುದು ಅದರ ಹುಟ್ಟುಗುಣ. ಕ್ರಿಯಾಂತ್ಯದ ಪಠ್ಯಭಾಷೆಯನ್ನು ಕಟ್ಟುವುದು ಅಸಾಧ್ಯವೇನಲ್ಲ, ಆದರೆ ಅದಕ್ಕೆ ಹೊಸ ಭಾಷೆಯನ್ನೇ ಕಟ್ಟಬೇಕು. ಬ್ಲಾಕಿನಲ್ಲಿ ಅಷ್ಟು ಬೇಕಾಗಿಲ್ಲ. ಅನುವಾದಕನಿಗೆ ಕೊಡುವ ಸಾಲಿನಲ್ಲಿ ಬಿಲದ ಜಾಗಕ್ಕೊಂದು ಗುರುತಿರುತ್ತದೆ. ಅವನು ಅದನ್ನು ಮುಂದಕ್ಕೋ ಹಿಂದಕ್ಕೋ ಸರಿಸಿದರೆ ಆಯಿತು. ‘10 ಹೆಜ್ಜೆ ನಡೆ’, ‘ಹಸಿರು ಬಾವುಟ ಒತ್ತಿದಾಗ’, ‘ಗೋಡೆ ಮುಟ್ಟಿದ್ದರೆ’, ‘ಗೋಡೆ ಮುಟ್ಟುವವರೆಗೆ ಮತ್ತೆ ಮತ್ತೆ ಮಾಡು’. ಇವು ಅನುವಾದದಂತೆ ಕೇಳಿಸುವುದಿಲ್ಲ. ಇಂಗ್ಲಿಷಿನ ಸ್ಕ್ರ್ಯಾಚ್‌ನಲ್ಲಿ ಹತ್ತರ ಜಾಗಕ್ಕೆ ಒಂದನ್ನು ಹಾಕಿದರೆ ‘ಒಂದು ಹೆಜ್ಜೆಗಳು’ ಎಂಬಂಥ ತಪ್ಪು ವಾಕ್ಯ ಬರುತ್ತದೆ. ಸಂಖ್ಯೆಯ ಮುಂದೆ ಬಹುವಚನವನ್ನು ಬೇಡದ ಕನ್ನಡದಲ್ಲಿ ಆ ತೊಂದರೆಯೇ ಇಲ್ಲ. ಮೂಲಕ್ಕಿಂತ ಅನುವಾದ ಶುದ್ಧವಾಗುವ ಅವಕಾಶ ಕನ್ನಡಕ್ಕೆ ಹೀಗೆ ಅಪರೂಪವಾಗಿ ಒದಗುತ್ತದೆ.

ಕನ್ನಡ ಸೋಲುವುದು ಇನ್ನೊಂದು ಕಡೆ, ವಿಭಕ್ತಿಯಲ್ಲಿ. ಬಿಲದೊಳಗೆ ಯಾವ ಪದ ಬರುತ್ತದೆಂದು ಬ್ಲಾಕು ಮಾಡುವವನಿಗೆ ಗೊತ್ತಿಲ್ಲ. ಪ್ರತ್ಯಯವನ್ನಂತೂ ಅವನು ಮೊದಲೇ ಅಚ್ಚೊತ್ತಿ ಇಡಬೇಕು. ಮಗು ತನ್ನ ಚರಕ್ಕೆ ‘ಅಂಕ’ ಎಂದು ಹೆಸರಿಟ್ಟರೆ ‘ಅಂಕವನ್ನು’, ‘ಬೆಲೆ’ ಎಂದಿಟ್ಟರೆ ‘ಬೆಲೆಯನ್ನು’, ‘ಊರು’ ಎಂದಿಟ್ಟರೆ ‘ಊರನ್ನು’. ಸಂಖ್ಯೆಯದೂ ಇದೇ ಪಾಡು: ಸೊನ್ನೆಗೆ, ಐದಕ್ಕೆ, ಹತ್ತಕ್ಕೆ. ಕೇಶಿರಾಜನ ಕಾಲದಿಂದ ಕನ್ನಡ ವೈಯಾಕರಣರು ಸಂಧಿಯ ಮೇಲೆ ವ್ಯಯಿಸಿದ ಶ್ರಮವೆಲ್ಲ ಬ್ಲಾಕಿನ ಅಂಚಿಗೆ ಬಂದು ನಿಲ್ಲುತ್ತದೆ, ಏಕೆಂದರೆ ಆ ಅಂಚನ್ನು ದಾಟಿ ಸಂಧಿಯಾಗಲಾರದು. ಅಕ್ಷರಶಃ ಅನುವಾದಿಸುವವನು ‘ಅಂಕ ಅನ್ನು 0 ಗೆ ಹೊಂದಿಸು’ ಎಂದು ಬರೆದು ಕೈತೊಳೆದುಕೊಳ್ಳುತ್ತಾನೆ. ಹಾಗೆ ಯಾವ ಊರಿನ ಕನ್ನಡಿಗನೂ ಮಾತನಾಡುವುದಿಲ್ಲ.

ಇದಕ್ಕೆ ಪರಿಹಾರ ಭಾಷೆಯೊಳಗೇ ಇದೆ. ‘ಎಂಬ’ ಎಂಬುದು ತನ್ನ ಹಿಂದಿನ ಪದದ ರೂಪವನ್ನು ಕೇಳದೆ ಯಾವುದನ್ನಾದರೂ ಎತ್ತಿಕೊಳ್ಳುತ್ತದೆ. ‘ಆಗಲಿ’ ಎಂಬುದು ಚತುರ್ಥಿಯನ್ನು ಬೇಡುವುದಿಲ್ಲ. ‘ಅಂಕ ಎಂಬುದು 0 ಆಗಲಿ’ ಎಂದರೆ ‘ಬೆಲೆ’, ‘ಊರು’, ‘ಹತ್ತು’ ಯಾವುದನ್ನು ತಂದು ಕೂರಿಸಿದರೂ ವಾಕ್ಯ ಮುರಿಯುವುದಿಲ್ಲ. ಎರಡನೆಯ ದಾರಿ ಮೈಂದರ್ಗಿಯ ಬಾಯಲ್ಲಿ ಹೆಚ್ಚು ಸಹಜವಾದುದು. ಆಡುಮಾತಿನಲ್ಲಿ ನಿರ್ಜೀವ ವಸ್ತುವಿಗೆ ದ್ವಿತೀಯಾ ಪ್ರತ್ಯಯ ಅನಿವಾರ್ಯವಲ್ಲ. ‘ನೀರ ತಾ’, ‘ಪುಸ್ತಕ ಕೊಡು’ ಎಂದರೆ ಸಾಕು. ‘ಅಂಕ 1 ಹೆಚ್ಚಿಸು’ ಎಂಬ ಬ್ಲಾಕು ಗ್ರಂಥಸ್ಥ ಕನ್ನಡದ ಕಿವಿಗೆ ಅರ್ಧವೆನಿಸಬಹುದು, ಸಂತೆಯ ಕಿವಿಗೆ ಪೂರ್ಣ. ಬ್ಲಾಕಿನ ಭಾಷೆ ಬಿಲಗಳಿಂದಾಗಿ ಪ್ರತ್ಯಯ ಕಡಿಮೆಯಿರುವ ಕನ್ನಡವನ್ನು ಬೇಡುತ್ತದೆ; ಅಂಥ ಕನ್ನಡ ಪಠ್ಯಪುಸ್ತಕಗಳಲ್ಲಿ ಇಲ್ಲ, ಮಾತಿನಲ್ಲಿ ಇದೆ. ತಂತ್ರಾಂಶದ ಕನ್ನಡೀಕರಣವನ್ನು ಪಾರಿಭಾಷಿಕ ಪದಕೋಶದ ಕೆಲಸವೆಂದು ತಿಳಿದವರಿಗೆ ಇದು ಹೊಳೆಯುವುದಿಲ್ಲ. ಇಲ್ಲಿ ಬೇಕಾದುದು ಪದಗಳನ್ನು ಟಂಕಿಸುವವರಿಗಿಂತ ವಾಕ್ಯಗಳನ್ನು ಬಲ್ಲವರು.

ಪದಗಳ ಪ್ರಶ್ನೆಯೂ ಗಡಿಯಲ್ಲಿ ಬೇರೆಯದೇ ಆಗುತ್ತದೆ. ಕರ್ನಾಟಕದ ಗಣಿತ ಪುಸ್ತಕದಲ್ಲಿ ‘ಚರಾಕ್ಷರ’ ಎಂದಿರುವುದು ಮರಾಠಿ ಗಣಿತದಲ್ಲಿ ‘ಚಲ’. ಎರಡೂ ಸಂಸ್ಕೃತದವೇ, ಎರಡರ ಅರ್ಥವೂ ಒಂದೇ. ಅಕ್ಕಲಕೋಟೆ ತಾಲ್ಲೂಕಿನ ಹುಡುಗಿ ಕನ್ನಡ ಮಾಧ್ಯಮ ಮುಗಿಸಿ ಕಾಲೇಜಿಗೆ ಹೋದಾಗ ಅವಳನ್ನು ಎದುರುಗೊಳ್ಳುವುದು ಮರಾಠಿ ಅಥವಾ ಇಂಗ್ಲಿಷ್. ಅವಳಿಗಾಗಿ ಬ್ಲಾಕಿನ ಮೇಲೆ ಬೆಂಗಳೂರಿನ ಪದವನ್ನು ಬರೆಯಬೇಕೋ, ಮುಂದೆ ಕೇಳಲಿರುವ ಪದವನ್ನೋ, ‘ಡಬ್ಬಿ’ ಎಂದು ಮನೆಯ ಪದವನ್ನೋ? ಮೂರಕ್ಕೂ ಸಮರ್ಥನೆಯಿದೆ. ಸದ್ಯಕ್ಕೆ ಈ ಆಯ್ಕೆ ನಡೆಯುತ್ತಿರುವುದು ಅವಳಿಂದ ಬಹುದೂರದಲ್ಲಿ, ಬಿಡುವಿನ ವೇಳೆಯಲ್ಲಿ ಅನುವಾದಿಸುವ ಸ್ವಯಂಸೇವಕರ ಕೈಯಲ್ಲಿ. ಅವರನ್ನು ದೂರುವುದು ನ್ಯಾಯವಲ್ಲ. ಆದರೆ ಆ ಕೆಲಸದ ಒಂಟಿತನವನ್ನು ತೋರಿಸುವ ಒಂದು ಉದಾಹರಣೆಯನ್ನು ಮರೆಮಾಚಲೂ ಆಗದು. ಸ್ಕ್ರ್ಯಾಚ್‌ನ ಎರಡನೆಯ ಆವೃತ್ತಿಯ ಭಾಷಾಪಟ್ಟಿಯಲ್ಲಿ ಮರಾಠಿ ‘ಮರಾಠಿ’ ಎಂದೇ ಇತ್ತು. ಕನ್ನಡ ಇರಬೇಕಾದ ಜಾಗದಲ್ಲಿ ‘ಭಾಷೆ-ಹೆಸರು’ ಎಂದಿತ್ತು. ಭಾಷೆಯ ಹೆಸರನ್ನು ಬರೆಯಬೇಕಾದ ಸ್ಥಾನಸೂಚಕವನ್ನೇ ಯಾರೋ ನಿಷ್ಠೆಯಿಂದ ಅನುವಾದಿಸಿದ್ದರು, ಮತ್ತೊಬ್ಬರು ಅದನ್ನು ತಿದ್ದಲು ಬರಲಿಲ್ಲ. ಪಟ್ಟಿಯನ್ನು ತೆರೆದ ಮಗುವಿಗೆ ಕನ್ನಡ ಅಕ್ಷರಗಳು ಕಂಡವು, ಕನ್ನಡ ಕಾಣಲಿಲ್ಲ.

ಮನೆಮಾತಿನ ಬ್ಲಾಕಿನಿಂದ ಕಲಿಕೆಗೆ ನಿಜವಾಗಿ ಲಾಭವಿದೆಯೇ ಎಂಬುದು ಊಹೆಯ ವಿಷಯವಲ್ಲ. ಸಯಮಿಂದು ದಾಸಗುಪ್ತ ಮತ್ತು ಬೆಂಜಮಿನ್ ಮಾಕೊ ಹಿಲ್ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲಿಷ್ ಪ್ರಧಾನವಲ್ಲದ ದೇಶಗಳ ಸ್ಕ್ರ್ಯಾಚ್ ಬಳಕೆದಾರರ ಕೆಲಸವನ್ನು ಪರಿಶೀಲಿಸಿದರು. ತಮ್ಮ ದೇಶದ ಪ್ರಧಾನ ಭಾಷೆಯಲ್ಲಿ ಬ್ಲಾಕುಗಳನ್ನು ಬಳಸಿದ ಹೊಸಬರು, ಅದೇ ದೇಶದಲ್ಲಿ ಇಂಗ್ಲಿಷ್ ಬ್ಲಾಕುಗಳನ್ನು ಬಳಸಿದವರಿಗಿಂತ ಬೇಗ ಹೊಸ ಪರಿಕಲ್ಪನೆಗಳನ್ನು ತಮ್ಮ ಕೆಲಸದಲ್ಲಿ ತೋರಿಸಿದ್ದು ಕಂಡುಬಂತು. ಎಲ್ಲರ ಮುಂದೆ ಇದ್ದದ್ದು ಒಂದೇ ಬಣ್ಣ, ಒಂದೇ ಆಕಾರ. ವ್ಯತ್ಯಾಸ ತಂದದ್ದು ಒಳಗಿನ ಮಾತು. ಚಿತ್ರಕ್ಕೆ ಭಾಷೆಯ ಹಂಗಿಲ್ಲವೆಂಬ ವಾದಕ್ಕೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ. ಆದರೆ ಗಡಿನಾಡಿನ ಓದುಗ ಈ ಅಧ್ಯಯನದ ಒಂದು ಪದದ ಬಳಿ ತಡೆಯಬೇಕಾಗುತ್ತದೆ: ‘ದೇಶದ ಪ್ರಧಾನ ಭಾಷೆ’. ದೇಶದ್ದೊಂದು, ರಾಜ್ಯದ್ದೊಂದು, ಮನೆಯದೊಂದು ಭಾಷೆಯಿರುವ ಮಗುವನ್ನು ಈ ಅಳತೆಗೋಲು ಕಾಣಲಾರದು. ಮೈಂದರ್ಗಿಯಿಂದ ಪ್ರವೇಶಿಸಿದವರನ್ನು ಅದು ಹಿಂದಿಯ ಲೆಕ್ಕಕ್ಕೋ ಮರಾಠಿಯ ಲೆಕ್ಕಕ್ಕೋ ಸೇರಿಸೀತು.

ದೃಶ್ಯರೂಪದ ವಿರುದ್ಧದ ಸಾಕ್ಷ್ಯವೂ ಗಟ್ಟಿಯಾಗಿಯೇ ಇದೆ. ಥಾಮಸ್ ಗ್ರೀನ್, ಮರಿಯನ್ ಪೆಟ್ರೆ ಮತ್ತು ಸಹಸಂಶೋಧಕಿ 1991ರ ಸುಮಾರಿಗೆ ನಡೆಸಿದ ಪ್ರಯೋಗಗಳಲ್ಲಿ, ಲ್ಯಾಬ್‌ವ್ಯೂ ಬಗೆಯ ಚಿತ್ರಗಳನ್ನು ಓದಿ ಅರ್ಥಮಾಡಿಕೊಳ್ಳಲು ಅನುಭವಿಗಳಿಗೂ ಪಠ್ಯಕ್ಕಿಂತ ಹೆಚ್ಚು ಸಮಯ ಬೇಕಾಯಿತು. ನೋಡುವುದು ಓದುವುದಲ್ಲ, ಚಿತ್ರವನ್ನು ಓದುವುದೂ ಕಲಿಯಬೇಕಾದ ವಿದ್ಯೆ. ವೈನ್‌ಟ್ರಾಪ್ ಮತ್ತು ವಿಲೆನ್‌ಸ್ಕಿ ಅಮೆರಿಕದ ಪ್ರೌಢಶಾಲೆಯಲ್ಲಿ ಹೋಲಿಸಿ ನೋಡಿದಾಗ ಬ್ಲಾಕಿನಿಂದ ಆರಂಭಿಸಿದವರು ಮೊದಲ ವಾರಗಳಲ್ಲಿ ಮುಂದಿದ್ದರು. ಅನಂತರ ಎಲ್ಲರೂ ಜಾವಾ ಭಾಷೆಗೆ ದಾಟಿದ ಮೇಲೆ ಆ ಅಂತರ ಉಳಿಯಲಿಲ್ಲ. ಫ್ರೆಡ್ ಬ್ರೂಕ್ಸ್ 1986ರಲ್ಲಿಯೇ ತಂತ್ರಾಂಶದ ರಚನೆ ಚಿತ್ರಕ್ಕೆ ಒಗ್ಗುವಂಥದಲ್ಲವೆಂದು ಬರೆದಿದ್ದರು. ದೊಡ್ಡ ಕ್ರಮವಿಧಿ ಪರದೆಯಲ್ಲಿ ಹಿಡಿಯುವುದಿಲ್ಲ ಎಂಬ ಹಳೆಯ ಆಕ್ಷೇಪವೂ ಸುಳ್ಳಾಗಿಲ್ಲ. ಇವೆಲ್ಲವೂ ವೃತ್ತಿಪರ ಕೆಲಸದ ಮಾತು, ಶಾಲೆಗೆ ಅಷ್ಟು ಬಾಧಕವಲ್ಲವೆನ್ನಬಹುದು. ಹಾಗೆಂದು ತಳ್ಳಿಹಾಕಲಾಗದ ಆಕ್ಷೇಪ ಒಂದಿದೆ: ಕುರುಡು ಮಗುವಿಗೆ ಪಠ್ಯವನ್ನು ಪರದೆವಾಚಕ ಓದಿ ಹೇಳುತ್ತದೆ, ಎಳೆದು ಜೋಡಿಸುವ ಬ್ಲಾಕು ಅದರ ಕೈಗೆ ಸುಲಭವಾಗಿ ಸಿಗುವುದಿಲ್ಲ. ಎಲ್ಲರಿಗೂ ಸುಲಭವೆನ್ನುವವರು ಈ ‘ಎಲ್ಲರ’ ಪಟ್ಟಿಯನ್ನು ಇನ್ನೊಮ್ಮೆ ಓದಬೇಕು.

ಭಾಷೆಯ ಕೆಲಸ ಮರೆಯಲ್ಲಿ ನಡೆದು ಚಿತ್ರಕ್ಕೆ ಹೆಸರು ಬರುವುದು ಸೊಲ್ಲಾಪುರ ಜಿಲ್ಲೆಗೆ ಹೊಸತೇನೂ ಅಲ್ಲ. ಮಾಢಾ ತಾಲ್ಲೂಕಿನ ಪರಿತೇವಾಡಿಯ ಜಿಲ್ಲಾ ಪರಿಷತ್ ಶಾಲೆಯ ಶಿಕ್ಷಕರಾಗಿದ್ದ ರಣಜಿತಸಿಂಹ ಡಿಸಲೆ 2020ರಲ್ಲಿ ಗ್ಲೋಬಲ್ ಟೀಚರ್ ಪ್ರೈಜ್ ಪಡೆದಾಗ, ಪಠ್ಯಪುಸ್ತಕದಲ್ಲಿ ಅವರು ಅಂಟಿಸಿದ ಕ್ಯೂಆರ್ ಸಂಕೇತಗಳು ಮನೆಮಾತಾದವು. ಮಕ್ಕಳ ಮನೆಯ ಭಾಷೆ ಕನ್ನಡವೆಂದು ಕಂಡು, ಆ ಭಾಷೆಯನ್ನು ತಾವೇ ಕಲಿತು, ಪಾಠಗಳನ್ನು ಅದಕ್ಕೆ ಹೊಂದಿಸಿದ ಶ್ರಮ ಆ ಕಪ್ಪುಬಿಳುಪು ಚೌಕಗಳ ಹಿಂದೆ ಇತ್ತು. ಚೌಕವನ್ನು ನಕಲು ಮಾಡುವುದು ಸುಲಭ. ಮಹಾರಾಷ್ಟ್ರದ ಪಠ್ಯಪುಸ್ತಕಗಳೆಲ್ಲ ಆಮೇಲೆ ಅವನ್ನು ಪಡೆದವು. ಹಿಂದಿನ ಕೆಲಸವನ್ನು ಪ್ರತಿ ಊರಿನಲ್ಲಿಯೂ ಮತ್ತೆ ಮೊದಲಿನಿಂದ ಮಾಡಬೇಕು.

ಪಠ್ಯರೂಪಿ ಕೋಡಿಗೆ ದಕ್ಕದ, ಬ್ಲಾಕಿಗೆ ಮಾತ್ರ ದಕ್ಕಿದ ಇನ್ನೊಂದು ಗುಣ ಗಡಿಯ ಊರಿಗೆಂದೇ ಮಾಡಿದಂತಿದೆ. 2019ರ ಜನವರಿಯಲ್ಲಿ ಬಂದ ಸ್ಕ್ರ್ಯಾಚ್‌ನ ಮೂರನೆಯ ಆವೃತ್ತಿಯ ಕಡತವನ್ನು ಬಿಚ್ಚಿ ನೋಡಿದರೆ ಒಳಗೆ ಬ್ಲಾಕುಗಳ ಮೇಲಿನ ಮಾತು ಇರುವುದಿಲ್ಲ. ಯಾವ ಬ್ಲಾಕು ಎಂಬುದರ ಒಳಗುರುತು ಮಾತ್ರ ಇರುತ್ತದೆ. ಮಾತು ತೆರೆಯ ಮೇಲೆ ಕಾಣಿಸುವಾಗ ಬಂದು ಕೂರುತ್ತದೆ. ಆದುದರಿಂದ ಒಂದು ಭಾಷೆಯಲ್ಲಿ ಜೋಡಿಸಿದ ಕ್ರಮವಿಧಿಯನ್ನು ಇನ್ನೊಬ್ಬರು ಪಟ್ಟಿಯಿಂದ ತಮ್ಮ ಭಾಷೆಯನ್ನು ಆರಿಸಿ, ಮೊದಲಿನಿಂದಲೂ ಅದರಲ್ಲಿಯೇ ಬರೆದದ್ದೆಂಬಂತೆ ಓದಬಹುದು. ಕನ್ನಡದ ಬ್ಲಾಕುಗಳು ಸರಿಯಾಗಿ ಸಿದ್ಧವಾದರೆ, ಮೈಂದರ್ಗಿಯ ಹುಡುಗಿ ಕನ್ನಡದಲ್ಲಿ ಕಟ್ಟಿದ್ದನ್ನು ಅಕ್ಕಲಕೋಟೆಯ ಮರಾಠಿ ಶಿಕ್ಷಕರು ಮರಾಠಿಯಲ್ಲಿ ತಿದ್ದಬಹುದು. ತಿದ್ದಿದ್ದನ್ನು ಅವಳು ಮತ್ತೆ ಕನ್ನಡದಲ್ಲಿ ನೋಡಬಹುದು. ಇಬ್ಬರಲ್ಲಿ ಯಾರೂ ಇನ್ನೊಬ್ಬರ ಭಾಷೆಗೆ ಬಂದು ಮಾತನಾಡಬೇಕಾಗಿಲ್ಲ. 1967ರ ಮಹಾಜನ ವರದಿಯ ನಂತರ ನಕ್ಷೆಯ ಮೇಲೆ ವಾದಿಸುತ್ತಲೇ ಇರುವ ಎರಡು ಭಾಷೆಗಳಿಗೆ ಇಂಥದೊಂದು ಜಾಗ ಬೇರೆಲ್ಲೂ ಸುಲಭವಾಗಿ ಸಿಕ್ಕಿಲ್ಲ.

ಭಾಷೆಯನ್ನು ಬದಲಿಸಿದಾಗ ಬ್ಲಾಕುಗಳೆಲ್ಲ ಬದಲಾಗುತ್ತವೆ. ಅವಳು ತಾನೇ ಇಟ್ಟ ಹೆಸರುಗಳು ಮಾತ್ರ ಬದಲಾಗುವುದಿಲ್ಲ. ಚರಕ್ಕೆ ‘ಬೆಲಿ’ ಎಂದು ಹೆಸರಿಟ್ಟಿದ್ದರೆ, ಹೊಸದಾಗಿ ಕಟ್ಟಿದ ಬ್ಲಾಕಿಗೆ ‘ಹೊಳ್ಳಿ ಬಾ’ ಎಂದು ಕರೆದಿದ್ದರೆ, ಮರಾಠಿಯ ಬ್ಲಾಕುಗಳ ನಡುವೆ ಅವು ಹಾಗೆಯೇ ಕನ್ನಡ ಲಿಪಿಯಲ್ಲಿ ನಿಂತಿರುತ್ತವೆ, ಮತ್ತು ಶಿಕ್ಷಕರು ಅವುಗಳ ಅರ್ಥವನ್ನು ಅವಳನ್ನೇ ಕೇಳಬೇಕಾಗುತ್ತದೆ.